ದೋನ್ಯಾ ಒಡಿಲಿಯಾ ಅವರ ಎರಡು ಕೈಗಡಿಯಾರಗಳು

ನಮ್ಮ ಪಾಸೊ ಕನೋವಾಸ್ ಊರಿನ ಜನರೆಲ್ಲ ದಿನಕ್ಕೆ ಇಪ್ಪತ್ತನಾಲ್ಕು ಗಂಟೆ ಬದುಕುತ್ತಾರೆ. ಎಂಟು ಗಂಟೆ ನಿದ್ದೆ, ಎಂಟು ಗಂಟೆ ಕೆಲಸ, ಉಳಿದ ಎಂಟು ಗಂಟೆ ಯಾವುದಾದರೊಂದು ಕಿಟಕಿಯ ಮುಂದಿನ ಸಾಲು. ನಾವು ದೋನ್ಯಾ, ಅಂದರೆ ಅಮ್ಮಾವ್ರು, ಎಂದು ಕರೆಯುವ ಒಡಿಲಿಯಾ ಕಾಸ್ಕಾಂತೆ ಒಬ್ಬರಿಗೆ ಮಾತ್ರ ದಿನಕ್ಕೆ ಇಪ್ಪತ್ತೈದು ಗಂಟೆ. ಹಾಗೆಂದು ಊರು ನಂಬಿದೆ, ಊರು ನಂಬಿದ್ದನ್ನು ನಾನೂ ನಂಬಿದ್ದೇನೆ.

ಕಾರಣ ಅವರ ಎರಡು ಕೈಗಡಿಯಾರಗಳು. ಬಲಗೈಯಲ್ಲಿ ಒಂದು, ಅದು ನಮ್ಮ ಕೋಸ್ಟರಿಕಾದ ಹೊತ್ತು. ಎಡಗೈಯಲ್ಲಿ ಇನ್ನೊಂದು, ಅದು ಪನಾಮಾದ್ದು. ಬೀದಿಯ ಈ ಬದಿ ನಾವು, ಆ ಬದಿ ಅವರು. ನಮ್ಮಲ್ಲಿ ಹನ್ನೊಂದಾದಾಗ ಆ ಬದಿಯ ಚಪ್ಪಲಿ ಅಂಗಡಿಯಲ್ಲಿ ಹನ್ನೆರಡು. ಎರಡು ಗಡಿಯಾರಗಳ ಮುಖವನ್ನೂ ದೋನ್ಯಾ ಮಣಿಕಟ್ಟಿನ ಒಳಬದಿಗೆ ತಿರುಗಿಸಿ ಕಟ್ಟುತ್ತಾರೆ. ಹೊತ್ತು ಕೇಳಿದರೆ ಮೊದಲು ಬಲಗೈಯನ್ನು ಮೂಗಿನ ಹತ್ತಿರ ತರುತ್ತಾರೆ, ಆಮೇಲೆ ಎಡಗೈಯನ್ನು, ಆಮೇಲೆ ಒಂದು ಕ್ಷಣ ಕಣ್ಣು ಮುಚ್ಚುತ್ತಾರೆ. ಆಗ ನೊಣವೂ ಹಾರುವುದನ್ನು ನಿಲ್ಲಿಸುತ್ತದೆ. ಅವರು ಹೇಳಿದ ಹೊತ್ತು ಒಂದು ನಿಮಿಷವೂ ತಪ್ಪಿದ್ದಿಲ್ಲ.

ಇದರಿಂದ ಕಥೆಗಳು ಹುಟ್ಟದೆ ಇರುತ್ತವೆಯೇ? ಒಮ್ಮೆ ಕಲ್ಲಂಗಡಿ ಲಾರಿಯ ಚಾಲಕನಿಗೆ ದೋನ್ಯಾ ಎರಡೂ ಕೈ ನೋಡಿ ‘ಹೊರಡು’ ಅಂದರಂತೆ, ಅವನು ಹೊರಡುವ ಮೊದಲೇ ತಲುಪಿಬಿಟ್ಟನಂತೆ. ಅರವತ್ತೆರಡು ವರ್ಷವಾದರೂ ಅವರ ಕೂದಲು ಕಪ್ಪಾಗಿರುವುದು ದಿನಕ್ಕೆ ಒಂದು ಗಂಟೆ ಉಳಿತಾಯ ಮಾಡುವುದರಿಂದಂತೆ. ಕ್ಷೌರದಂಗಡಿಯ ಮುದುಕನ ಪ್ರಕಾರ ಅವರು ತಮ್ಮ ಅಕ್ಕನಿಗಿಂತ ಮೊದಲೇ ಹುಟ್ಟಿದವರು. ಅಕ್ಕ ಬದುಕಿದ್ದಾಗ ಇದನ್ನು ಒಪ್ಪಿರಲಿಲ್ಲ, ಆದರೆ ಒಪ್ಪದಿರಲು ಅವರಿಗೆ ಬೇರೆ ಕಾರಣಗಳಿದ್ದವು.

ದೋನ್ಯಾ ಅವರದು ಒಂದು ಖಾನಾವಳಿ. ಆರು ಮೇಜು, ಒಂದು ಒಲೆ, ಗೋಡೆಯ ಮೇಲೊಂದು ಯೇಸುವಿನ ಪಟ, ಅದರ ಕೆಳಗೆ ಮೂರು ಮಕ್ಕಳ ಫೋಟೊ. ವಲಸೆ ಕಚೇರಿಯ ಕಿಟಕಿಗಳಿಂದ ನಲವತ್ತು ಹೆಜ್ಜೆ. ನನ್ನ ಜೆರಾಕ್ಸ್ ಅಂಗಡಿ ಅದಕ್ಕೆ ಅಂಟಿಕೊಂಡೇ ಇದೆ, ಹಾಗಾಗಿ ಮುಂದೆ ಹೇಳುವುದನ್ನೆಲ್ಲ ನಾನು ಗೋಡೆಯ ತೂತಿನಿಂದ ಕೇಳಿದ್ದೇನೆ ಅಥವಾ ತಟ್ಟೆಯ ಮುಂದೆ ಕೂತು ನೋಡಿದ್ದೇನೆ.

ಅವರು ಹುಟ್ಟಿದ್ದು ಇಲ್ಲಿಂದ ಕೊಂಚ ದೂರದ ಬಾಳೆ ತೋಟದ ಕೂಲಿಗಳ ಸಾಲುಮನೆಯಲ್ಲಿ. ಹತ್ತೊಂಬತ್ತಕ್ಕೆ ಈ ಊರಿಗೆ ಪಾತ್ರೆ ತೊಳೆಯಲು ಬಂದರು. ಇಪ್ಪತ್ತೊಂದಕ್ಕೆ ಆ ಬದಿಯ ಲಾರಿ ಚಾಲಕ ರೂಫೊನನ್ನು ಮದುವೆಯಾದರು. ಬೀದಿ ದಾಟಿ ಆದ ಮದುವೆ. ಮೂರು ಮಕ್ಕಳು ಹುಟ್ಟಿದವು, ಮೂರಕ್ಕೂ ಎರಡೆರಡು ದೇಶ. ಮೂರು ಮಕ್ಕಳು, ಆರು ಪಾಸ್‌ಪೋರ್ಟ್. ದೊಡ್ಡವನು ನಾಲ್ಕು ವರ್ಷದವನಿದ್ದಾಗ ಅವನನ್ನು ಅಜ್ಜಿಯ ಮನೆಗೆಂದು ಪನಾಮಾದ ದವೀದ್ ಪಟ್ಟಣಕ್ಕೆ ಕರೆದುಕೊಂಡು ಹೊರಟರು. ಕಿಟಕಿಯವನು ‘ಮಗುವಿನ ಅಪ್ಪನ ಅನುಮತಿ ಎಲ್ಲಿ?’ ಎಂದ. ಅಪ್ಪ ಆಗ ಮೂರು ದೇಶ ಆಚೆ, ಅನಾನಸ್ ತುಂಬಿದ ಲಾರಿಯಲ್ಲಿದ್ದ. ದೋನ್ಯಾ ಮಗುವನ್ನು ಎತ್ತಿಕೊಂಡು ವಾಪಸ್ ಬಂದರು. ಆ ಅಜ್ಜಿ ಆ ವಾರವೇ ತೀರಿಕೊಂಡಳು. ಅಂದಿನಿಂದ ದೋನ್ಯಾ ನಿಯಮದ ಪುಸ್ತಕವನ್ನು ಜಪಮಾಲೆಯ ಹಾಗೆ ಬಾಯಿಪಾಠ ಮಾಡಿದರು. ರೂಫೊ ಹೋಗಿ ಹನ್ನೆರಡು ವರ್ಷವಾಯಿತು, ಮಕ್ಕಳು ಮೂವರೂ ಆ ಬದಿಯಲ್ಲೋ ಈ ಬದಿಯಲ್ಲೋ ಸಂಸಾರ ಹೂಡಿದರು. ಆದರೆ ಎರಡು ದೇಶದ ಮಗುವಿರುವ ಯಾವ ತಾಯಿ ಬಂದು ಗಂಜಿ ಕೇಳಿದರೂ ಗಂಜಿಯ ಜೊತೆ ಪಾಠ ಉಚಿತ.

“ನೋಡು ರಾಣಿ,” ಎಂದು ಶುರುವಾಗುತ್ತದೆ ಪಾಠ. “ಇಲ್ಲಿ ಹುಟ್ಟಿದ ಮಗು ಇಲ್ಲಿಯದೇ. ಅದರ ಅಪ್ಪ ಚಂದ್ರಲೋಕದವನಾದ್ರೂ ಸರಿ. ಇಲ್ಲಿಂದ ಹೋಗೋದು ಇಲ್ಲಿಯ ಪಾಸ್‌ಪೋರ್ಟಲ್ಲಿ, ಬರೋದೂ ಅದರಲ್ಲೇ. ಇನ್ನೊಂದು ಪಾಸ್‌ಪೋರ್ಟು ಚೀಲದಲ್ಲಿ ಮಲಗಿರ್ಲಿ, ಅದರ ಊರು ಬಂದಾಗ ಎಬ್ಬಿಸು. ಅಪ್ಪ ಒಬ್ಬನೇ ಕರ್ಕೊಂಡ್ಹೋದ್ರೆ ಅಮ್ಮನ ಸಹಿ, ಅಮ್ಮ ಒಬ್ಬಳೇ ಹೋದ್ರೆ ಅಪ್ಪನ ಸಹಿ. ಅರ್ಥ ಆಯ್ತಾ? ಇನ್ನೊಂಚೂರು ಬೀನ್ಸ್ ಹಾಕ್ಲಾ?”

ಈ ಪಾಠವನ್ನು ಒಂದೇ ಒಂದು ಸಂಸಾರ ತಪ್ಪಿಸಿಕೊಂಡಿತ್ತು. ಅದೂ ಅವರ ಹಳೆಯ ಗಿರಾಕಿ.

ಯೋಸ್ಟ್ ಎಂಬುವನು ಹಾಲೆಂಡಿನವನು. ಬಾಗಿಲು ದಾಟುವಾಗ ತಲೆ ಬಗ್ಗಿಸುವಷ್ಟು ಉದ್ದ, ಸ್ಯಾನ್ ವೀತೊ ಬೆಟ್ಟದಲ್ಲಿ ಚೀಸ್ ಮಾಡುವ ಕಸುಬು. ಹೆಂಡತಿ ಸೇಯ್ದಿ ಅಲ್ಲಿಯವಳೇ. ಕಾಗದದ ಪ್ರಕಾರ ಯೋಸ್ಟ್ ನಮ್ಮ ದೇಶದಲ್ಲಿ ಪ್ರವಾಸಿ. ಹನ್ನೊಂದು ವರ್ಷದಿಂದ ಪ್ರವಾಸಿ. ಇಷ್ಟು ವರ್ಷದಲ್ಲಿ ಒಂದು ಸಮುದ್ರದಂಡೆಯನ್ನೂ ನೋಡದೆ, ದಿನಾ ಮುಂಜಾನೆ ನಾಲ್ಕಕ್ಕೆದ್ದು ಹದಿನಾಲ್ಕು ಹಸುಗಳ ಹಾಲು ಕರೆದ ಪ್ರವಾಸಿ ಜಗತ್ತಿನಲ್ಲಿ ಇನ್ನೊಬ್ಬನಿಲ್ಲ. ವಾಸದ ಪರವಾನಗಿಗೆ ಅರ್ಜಿ ಹಾಕುತ್ತಲೇ ಇದ್ದ. ಅವನ ಊರಿಂದ ಜನನಪತ್ರ ಬರುವಷ್ಟರಲ್ಲಿ ಇಲ್ಲಿಯ ಪೊಲೀಸ್ ಪತ್ರ ಹಳತಾಗಿರುತ್ತಿತ್ತು, ಅದನ್ನು ಹೊಸದು ಮಾಡಿಸುವಷ್ಟರಲ್ಲಿ ಜನನಪತ್ರ ಹಳತಾಗಿರುತ್ತಿತ್ತು. ಮನುಷ್ಯ ಹುಟ್ಟಿದ್ದು ಆರು ತಿಂಗಳಿಗೊಮ್ಮೆ ಯಾಕೆ ಹಳತಾಗುತ್ತದೆ ಎಂದು ಅವನು ನನ್ನನ್ನು ಕೇಳಿದ. ನಾನು ಪ್ರತಿ ಮಾಡಿಕೊಡುವವನು, ಪ್ರಶ್ನೆಗೆ ಉತ್ತರ ಕೊಡುವವನಲ್ಲ ಎಂದೆ.

ಹಾಗಾಗಿ ತೊಂಬತ್ತು ದಿನಕ್ಕೊಮ್ಮೆ ಯೋಸ್ಟ್ ಬೆಟ್ಟ ಇಳಿದು ಬಂದು, ದೇಶ ಬಿಟ್ಟು, ಆ ಬದಿಯಲ್ಲಿ ಮುದ್ರೆ ಒತ್ತಿಸಿಕೊಂಡು, ಮತ್ತೆ ದೇಶ ಸೇರುತ್ತಿದ್ದ. ಸಂಸಾರಕ್ಕೆ ಅದೊಂದು ಹಬ್ಬ. ಅವನು ಸಾಲಿನಲ್ಲಿ ಬೇಯುವಾಗ ಸೇಯ್ದಿ ಮಗಳು ಫೆನ್ನಾಳ ಕೈ ಹಿಡಿದು ಬೀದಿ ದಾಟಿ ಹೋಗುತ್ತಿದ್ದಳು, ಪನಾಮಾದ ಐಸ್‌ಕ್ರೀಮು, ಪನಾಮಾದ ಶೂ, ಪನಾಮಾದ ಬಲೂನು. ಅಷ್ಟು ದೂರಕ್ಕೆ ನಮ್ಮಲ್ಲಿ ಯಾರೂ ಮುದ್ರೆ ಕೇಳುವುದಿಲ್ಲ. ನಾನು ಹಲ್ಲು ಕೀಳಿಸಿಕೊಂಡದ್ದೇ ಆ ದೇಶದಲ್ಲಿ. ವರ್ಷಕ್ಕೆ ನಾಲ್ಕು ಸಲ, ಒಂಬತ್ತು ವರ್ಷ. ಮೊದಲು ಕಂಕುಳಲ್ಲಿ, ಆಮೇಲೆ ತನ್ನದೇ ಕಾಲ ಮೇಲೆ, ಫೆನ್ನಾ ಮೂವತ್ತಾರು ಸಲ ಪನಾಮಾಕ್ಕೆ ಹೋಗಿಬಂದಳು. ಕಾಗದದ ಪ್ರಕಾರ ಮೂವತ್ತಾರು ಸಲವೂ ದೇಶ ಬಿಡಲಿಲ್ಲ. ಅಪ್ಪ-ಅಮ್ಮ ಮಾತ್ರ ಮಗಳು ಗಡಿ ದಾಟುವುದರಲ್ಲಿ ನುರಿತವಳೆಂದು ನಂಬಿದ್ದರು.

ಆ ಜನವರಿಯ ಗುರುವಾರ ಬೆಳಿಗ್ಗೆ ಹತ್ತಕ್ಕೆ ಯೋಸ್ಟ್ ಮಗಳೊಬ್ಬಳನ್ನೇ ಕರೆದುಕೊಂಡು ಖಾನಾವಳಿಗೆ ಬಂದು ತಲೆ ಬಗ್ಗಿಸಿ ಕೂತ. ಬಾಗಿಲು ದಾಟಿದ ಮೇಲೂ ತಲೆ ಎತ್ತಲಿಲ್ಲ. ಫೆನ್ನಾ ಮೂವತ್ತನಾಲ್ಕು ಡಿಗ್ರಿ ಸೆಖೆಯಲ್ಲಿ ಉಣ್ಣೆಯ ಟೊಪ್ಪಿ ಹಾಕಿಕೊಂಡಿದ್ದಳು.

“ಏನಪ್ಪಾ ದೊನ್ ಯೋಸ್ಟ್, ಯಾರು ಸತ್ರು?” ಎಂದರು ದೋನ್ಯಾ, ಈರುಳ್ಳಿ ಹೆಚ್ಚುತ್ತಾ.

ಯೋಸ್ಟ್ ನಮ್ಮ ಭಾಷೆಯನ್ನು ಪುಸ್ತಕದಿಂದ ಕಲಿತವನು. “ಪೂಜ್ಯ ದೋನ್ಯಾ, ಯಾರೂ ಮೃತಪಟ್ಟಿಲ್ಲ. ಆದರೆ ನಮ್ಮ ಪ್ರಯಾಣವು ಮೃತಪಟ್ಟಿದೆ.”

“ಏನದು, ಸರಿಯಾಗಿ ಹೇಳಿ.”

ಮಗಳೇ ಹೇಳಿದಳು. “ಓಮಾಗೆ ಶನಿವಾರ ಎಂಬತ್ತು ತುಂಬುತ್ತೆ. ಓಮಾ ಅಂದ್ರೆ ನಮ್ಮಜ್ಜಿ, ಹಾಲೆಂಡಲ್ಲಿರೋರು. ನಾನು ಅವರನ್ನ ಫೋನಲ್ಲಿ ಮಾತ್ರ ನೋಡಿರೋದು. ನಾಳೆ ಪನಾಮಾ ನಗರದಿಂದ ವಿಮಾನ. ಇವತ್ತು ಒಂದು ಗಂಟೆಗೆ ಬಸ್ಸು. ಆ ಕಿಟಕಿ ಮಾಮ ಬಿಡಲ್ಲ ಅಂತಾರೆ.”

“ಬಸ್ಸು ಅವರ ಒಂದಕ್ಕಾ, ನಮ್ಮ ಒಂದಕ್ಕಾ?”

“ಅವರ ಒಂದಕ್ಕೆ.”

“ಅಂದ್ರೆ ನಮ್ಮ ಹನ್ನೆರಡಕ್ಕೆ.” ದೋನ್ಯಾ ಚಾಕು ಕೆಳಗಿಟ್ಟರು. “ಟಿಕೀಟು ಮುಂದಕ್ಕೆ ಹಾಕಿಸ್ಬಹುದಾ?”

“ಅದು ಸಾಧ್ಯವಿಲ್ಲ,” ಎಂದ ಯೋಸ್ಟ್. “ಬದಲಾಯಿಸಲಾಗದ ಟಿಕೀಟು. ಮೂರು ವರ್ಷದ ಚೀಸು ಅದು. ಅಷ್ಟೇ ಅಲ್ಲ, ನನ್ನ ತೊಂಬತ್ತನೆಯ ದಿನವೂ ಇಂದೇ.”

ಫೆನ್ನಾ ಟೊಪ್ಪಿ ತೆಗೆದಳು. ಒಳಗಿಂದ ಸೊಂಟದವರೆಗೆ ಕೂದಲು ಸುರಿಯಿತು. “ಮೂರು ವರ್ಷದಿಂದ ಕತ್ತರಿ ಹಾಕಿಸಿಲ್ಲ. ಓಮಾ ತಾನೇ ಜಡೆ ಹಾಕ್ತೀನಿ, ಅಲ್ಲೀವರೆಗೂ ಯಾರ ಕೈಲೂ ಹಾಕಿಸ್ಬೇಡ ಅಂದಿದ್ರು. ನಾಲ್ಕು ಕಾಲಿನ ಜಡೆ. ಅಮ್ಮಂಗೆ ಮೂರು ಕಾಲಿಂದು ಮಾತ್ರ ಬರೋದು.”

ದೋನ್ಯಾ ಆ ಕೂದಲನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕಿಟಕಿಯಲ್ಲಿ ಏನಾಯಿತೆಂದು ಕೇಳಿದರು.

ಕಿಟಕಿಯಲ್ಲಿದ್ದದ್ದು ದೊನ್ ಎವೆಲಿಯೊ. ಇಪ್ಪತ್ತೆಂಟು ವರ್ಷದಿಂದ ಅದೇ ಕುರ್ಚಿ. ಕಾಗದ ಸರಿಯಿದ್ದರೆ ಸೈತಾನನನ್ನೂ ಬಿಡುತ್ತಾರೆ, ಇಲ್ಲದಿದ್ದರೆ ಬಿಷಪ್ಪರನ್ನೂ ಬಿಡುವುದಿಲ್ಲ. ಯೋಸ್ಟ್ ಮಗಳ ಹಾಲೆಂಡ್ ಪಾಸ್‌ಪೋರ್ಟ್ ಕೊಟ್ಟ. ಹಾಲೆಂಡಿಗೆ ಹೋಗುವವಳಿಗೆ ಹಾಲೆಂಡಿನ ಪಾಸ್‌ಪೋರ್ಟ್ ಸಾಕೆಂಬುದು ಅವನ ತರ್ಕ. ಎವೆಲಿಯೊ ಪುಟ ಮಗುಚಿದರು. ಖಾಲಿ. ಹಿಂದಿನಿಂದ ಮಗುಚಿದರು. ಆಗಲೂ ಖಾಲಿ.

“ಈ ಮಗು ದೇಶದೊಳಗೆ ಬಂದದ್ದು ಯಾವಾಗ?” ಎಂದರಂತೆ.

“ಒಂಬತ್ತು ವರ್ಷದ ಹಿಂದೆ,” ಎಂದನಂತೆ ಯೋಸ್ಟ್.

“ಯಾವ ದಾರಿಯಿಂದ?”

“ಅವಳ ತಾಯಿಯ ಮೂಲಕ.”

ಸಾಲಿನಲ್ಲಿದ್ದವರು ಇನ್ನೂ ನಗುತ್ತಿದ್ದಾರೆಂದು ಫೆನ್ನಾ ದೂರಿದಳು. ಎವೆಲಿಯೊ ಮಾತ್ರ ನಗಲಿಲ್ಲ. ಹಾಗಾದರೆ ಇವಳು ಇಲ್ಲಿಯವಳು, ಇಲ್ಲಿಯ ಪಾಸ್‌ಪೋರ್ಟ್ ತನ್ನಿ, ತಾಯಿಯನ್ನು ಕರೆತಂದು ಪಕ್ಕದ ಮಕ್ಕಳ ಅನುಮತಿಯ ಕಿಟಕಿಯಲ್ಲಿ ಸಹಿ ಹಾಕಿಸಿ ಎಂದರು. ಆ ಪಕ್ಕದ ಕಿಟಕಿಯಲ್ಲಿ ಕೂರುವವರೂ ಎವೆಲಿಯೊ ಅವರೇ, ಕುರ್ಚಿಗೆ ಚಕ್ರವಿದೆ.

“ಮೂವತ್ತಾರು ಸಲ ಹೋಗಿದ್ದೇವೆ, ಎಂದೂ ಯಾರೂ ಕೇಳಲಿಲ್ಲ!” ಎಂದು ಯೋಸ್ಟ್ ಈಗಲೂ ಗೋಳಾಡಿದ.

“ಐಸ್‌ಕ್ರೀಮಿಗೆ ಹೋದ್ರೆ ಯಾರು ಕೇಳ್ತಾರೆ? ಆ ಮಾತು ಅವರ ಮುಂದೆ ಆಡಿಲ್ಲ ತಾನೆ?”

“ಇಲ್ಲ.”

“ದೇವರು ದೊಡ್ಡವನು. ಇಲ್ಲೀ ಪಾಸ್‌ಪೋರ್ಟು ಇದೆಯಾ ಇವಳಿಗೆ?”

“ಇದೆ. ಮನೆಯಲ್ಲಿ, ಉಪ್ಪಿನ ಪೆಟ್ಟಿಗೆಯ ಖಾನೆಯಲ್ಲಿ.”

“ಸೇಯ್ದಿ?”

“ಮನೆಯಲ್ಲಿ. ಹಸು ಕರು ಹಾಕುತ್ತಿದೆ.”

ದೋನ್ಯಾ ಫೋನು ತೆಗೆದರು. ಅವರು ಫೋನಿನಲ್ಲಿ ಮಾತಾಡುವಾಗ ನಿಜಕ್ಕೂ ಫೋನು ಬೇಕಾಗಿಲ್ಲ, ಸ್ಯಾನ್ ವೀತೊಗೆ ಹಾಗೇ ಕೇಳಿಸುತ್ತದೆ.

“ಸೇಯ್ದಿ, ನಾನು ಒಡಿಲಿಯಾ. ಹಸು ಬಿಡು.”

ಆ ಕಡೆಯ ದನಿಯೂ ಚೀರುತ್ತಿತ್ತು. “ಕರು ಅರ್ಧ ಹೊರಗ್ ಬಂದಿದೆ ದೋನ್ಯಾ!”

“ಇನ್ನರ್ಧ ಅದಾಗೇ ಬರತ್ತೆ. ಅದಕ್ಕೆ ಪಾಸ್‌ಪೋರ್ಟು ಬೇಡ. ನಿನ್ನ ಮಗಳಿಗೆ ಬೇಕು. ಉಪ್ಪಿನ ಖಾನೇಲಿರೋ ಪಾಸ್‌ಪೋರ್ಟು, ಅವಳ ಜನನಪತ್ರ, ನಿನ್ನ ಗುರುತಿನ ಚೀಟಿ, ಮೂರೂ ತಗೊ. ಗಾಡಿ ಹತ್ತು. ಪ್ರಶ್ನೆ ಆಮೇಲೆ ಕೇಳು.”

“ಬ್ರೇಕ್ ಸರಿ ಇಲ್ಲ ಗಾಡೀದು!”

“ಇಳಿಜಾರಲ್ವಾ, ಒಳ್ಳೇದೇ ಆಯ್ತು. ಬೇಗ ಬರ್ತೀಯ.”

ಫೋನು ಇಟ್ಟು ದೋನ್ಯಾ ಬಲಗೈ ಎತ್ತಿದರು. ಎಡಗೈ ಎತ್ತಿದರು. ಕಣ್ಣು ಮುಚ್ಚಿದರು. ನನ್ನ ಬಾಯಿಗೆ ಹೋಗುತ್ತಿದ್ದ ಬಾಳೆಕಾಯಿ ಬಜ್ಜಿ ನಡುದಾರಿಯಲ್ಲಿ ನಿಂತಿತು.

“ಇಲ್ಲಿ ಹತ್ತೂ ಇಪ್ಪತ್ತು. ಅಲ್ಲಿ ಹನ್ನೊಂದೂ ಇಪ್ಪತ್ತು. ಅವಳು ಹನ್ನೆರಡಕ್ಕೆ ಮೊದಲು ಬಂದ್ರೆ ಪುಣ್ಯ. ಎವೆಲಿಯೊ ಹನ್ನೊಂದೂವರೆಗೆ ಕಿಟಕಿ ಮುಚ್ಚಿ ಊಟಕ್ಕೆ ಬರ್ತಾರೆ. ಮತ್ತೆ ತೆಗೆಯೋದು ಹನ್ನೆರಡೂವರೆಗೆ. ಅಷ್ಟೊತ್ತಿಗೆ ಬಸ್ಸು ಹೋಗಿರತ್ತೆ.”

ಯೋಸ್ಟ್ ಎದ್ದು ನಿಂತು ದೀಪಕ್ಕೆ ತಲೆ ಬಡಿಸಿಕೊಂಡ. “ನಾನು ಅಧಿಕಾರಿಗಳಲ್ಲಿ ಹೋಗಿ ವಿನಮ್ರವಾಗಿ ಬೇಡಿಕೊಳ್ಳಲೇ?”

“ನೀವು ಬಾಯಿ ತೆಗೀಬೇಡಿ, ಬಂಗಾರ. ನಿಮ್ಮ ಭಾಷೆ ಕೇಳಿದ್ರೆ ಅವರು ಇನ್ನೊಂದು ಅರ್ಜಿ ಕೊಡ್ತಾರೆ.”

ಈಗ ಓದುಗರು ಗುರುವಾರದ ಮಹತ್ವವನ್ನು ಅರಿಯಬೇಕು. ಗುರುವಾರ ದೋನ್ಯಾ ಅವರ ಹಂಡೆಸಾರು. ಮೂಳೆಯ ಮಾಂಸ, ಮರಗೆಣಸು, ಮುಸುಕಿನ ಜೋಳ, ಸೀಮೆಬದನೆ, ಬಾಳೆಕಾಯಿ ಒಂದೇ ಹಂಡೆಯಲ್ಲಿ ಮುಂಜಾನೆಯಿಂದ ಕುದಿಯುತ್ತವೆ. ಇಪ್ಪತ್ತೆರಡು ವರ್ಷದಿಂದ ಅದು ಗುರುವಾರ ಹನ್ನೊಂದೂವರೆಗೆ ತಟ್ಟೆಗೆ ಬಿದ್ದಿದೆ. ಎರಡು ಭೂಕಂಪ, ಒಂದು ಪ್ರವಾಹ, ರೂಫೊನ ಸಾವು ಯಾವುದೂ ಅದನ್ನು ಐದು ನಿಮಿಷ ತಡ ಮಾಡಿಲ್ಲ. ಜನ ಚರ್ಚಿನ ಗಂಟೆಯನ್ನು ಅದಕ್ಕೆ ಹೊಂದಿಸಿಕೊಳ್ಳುತ್ತಾರೆ. ಒಡಿಲಿಯಾ ಅವರಿಗೆ ಈ ಲೋಕದಲ್ಲಿ ಒಂದೇ ಒಂದು ಹೆಮ್ಮೆ, ಅದು ಅದೇ.

ಹೀಗಿರುವಾಗ ಅವರು ಒಲೆಯ ಹತ್ತಿರ ಹೋಗಿ, ಹಂಡೆಯ ಮೇಲೊಮ್ಮೆ ಶಿಲುಬೆಯ ಗುರುತು ಮಾಡಿ, ಗ್ಯಾಸಿನ ಗುಂಡಿಯನ್ನು ತಿರುಗಿಸಿದರು. ಬೆಂಕಿ ಫಕ್ಕನೆ ಆರಿತು. ಮರಗೆಣಸಿನ ಮುಕ್ಕಾಲು ಬೇಯುವಿಕೆಯಲ್ಲಿ ಜಗತ್ತು ನಿಂತಿತು.

ಹನ್ನೊಂದೂವರೆಗೆ ದೊನ್ ಎವೆಲಿಯೊ ಬಂದರು. ಅಂಗಿಯ ಕಾಲರಿಗೆ ಕರವಸ್ತ್ರ ಸಿಕ್ಕಿಸಿಕೊಂಡು ತಮ್ಮ ಮೇಜಿಗೆ ಕೂತು ಚಮಚ ಒರೆಸಿದರು. ಐದು ನಿಮಿಷವಾಯಿತು.

“ದೋನ್ಯಾ?”

“ಇನ್ನೂ ಬೆಂದಿಲ್ಲ, ದೊನ್ ಎವೆಲಿಯೊ.”

“ಬೆಂದಿಲ್ಲ!” ಆ ಮಾತು ಅವರಿಗೆ ಅರ್ಥವಾಗಲು ಕೊಂಚ ಹೊತ್ತು ಬೇಕಾಯಿತು. “ಇವತ್ತು ಗುರುವಾರ ಅಲ್ವಾ?”

“ಹೌದಲ್ಲ. ಹಸಿವಾದ್ರೆ ಪಕ್ಕದ ಖಾನಾವಳೀಲಿ ಕೋಳಿ ಇದೆಯಂತೆ.”

ಇದು ಕ್ರೂರವಾದ ಮಾತು. ಪಕ್ಕದ ಖಾನಾವಳಿ ಎವೆಲಿಯೊ ಅವರ ಮಾಜಿ ಹೆಂಡತಿಯದು.

ಅಷ್ಟರಲ್ಲಿ ಬೀದಿ ದಾಟಿ ನಿಕಾನೊರ್ ಬಂದ. ಒಂದು ಗಂಟೆಯ ಬಸ್ಸಿನ ಚಾಲಕ, ಪನಾಮಾದವನು. ಹೊಟ್ಟೆ ಮೊದಲು ದೇಶ ಪ್ರವೇಶಿಸಿತು, ಅವನು ಆಮೇಲೆ. ಅವನಿಗೂ ಗುರುವಾರದ ಊಟ ಇಲ್ಲೇ.

“ಏನ್ರಿ ಅಕ್ಕಾರ, ಊಟ ಆತೇನು? ಹಸದು ಸಾಯಾಕತ್ತೀನಿ!”

“ಕೂತ್ಕೊ ನಿಕಾ. ಬರತ್ತೆ.”

“ನನ್ನ ಬಸ್ಸು ಒಂದಕ್ಕ ಬಿಡಬೇಕ್ರಿ. ಹೊಟ್ಟೀಗಿ ಬಿದ್ದಿಲ್ಲಂದ್ರ ಎಂಟು ತಾಸು ಓಡಸೂದು ಹ್ಯಾಂಗ?”

“ಊಟ ಮಾಡ್ದೆ ನಿನ್ನ ಕಳಿಸ್ದೆ ಅಂತ ನಾಳೆ ನಿಮ್ಮಮ್ಮ ನನಗೆ ಫೋನ್ ಮಾಡ್ಬೇಕಾ? ಕೂತ್ಕೊ.”

ನಿಕಾನೊರ್ ಕೂತ. ಕುರ್ಚಿ ನರಳಿತು. ದೋನ್ಯಾ ಅವನ ಮುಂದೆ ಹುರಿದ ಬಾಳೆಕಾಯಿಯ ಬಿಲ್ಲೆ ಒಂದನ್ನಿಟ್ಟರು. ಒಂದೇ ಒಂದು. ಅದು ಮುಗಿದ ಮೇಲೆ ಇನ್ನೊಂದು.

ಎವೆಲಿಯೊ ಇಪ್ಪತ್ತೆಂಟು ವರ್ಷ ಸುಳ್ಳು ಮುಖಗಳನ್ನು ನೋಡಿದವರು. ಎದ್ದರು. ನೇರ ಒಲೆಗೆ ಹೋದರು. ಹಂಡೆಯ ಕೆಳಗೆ ಬಗ್ಗಿದರು.

“ದೋನ್ಯಾ, ಒಲೆ ಆರಿದೆ.”

“ಗೊತ್ತು.”

ಫೆನ್ನಾ ಟೊಪ್ಪಿಯನ್ನು ಎರಡು ಕೈಯಿಂದ ಹಿಂಡುತ್ತಿದ್ದಳು.

“ಯಾಕೆ ಆರಿಸಿದ್ರಿ?”

“ಒಂದು ಸಹಿ ಬರ್ತಾ ಇದೆ. ಬೆಟ್ಟ ಇಳೀತಿದೆ. ಬಂದ ತಕ್ಷಣ ಹಚ್ತೀನಿ.”

“ಇದು ಸರ್ಕಾರಿ ಕೆಲಸದಲ್ಲಿ ಅಡ್ಡಿ ಅಂತ ಗೊತ್ತಾ ನಿಮಗೆ?”

“ನನ್ನ ಒಲೆ ಯಾವ ಸರ್ಕಾರದ್ದು? ಊಟಕ್ಕೆ ಒಂದು ಗಂಟೆ ಅಂತಿದೆ ನಿಮ್ಮ ನಿಯಮದಲ್ಲಿ. ಯಾವ ಗಂಟೆ ಅಂತ ಬರೆದಿಲ್ಲ. ನಾನು ಓದಿದೀನಿ.”

ಎವೆಲಿಯೊ ಅವರ ಮೀಸೆ ಒಂದು ಸಲ ಮೇಲಕ್ಕೆ ಹೋಗಿ ಕೆಳಗೆ ಬಂತು. ನಿಯಮ ಅವರಿಗೂ ಬಾಯಿಪಾಠ. ಹುಡುಗಿಯ ಕೂದಲನ್ನು ನೋಡಿದರು, ಯೋಸ್ಟನನ್ನು ನೋಡಿದರು, ಆರಿದ ಒಲೆಯನ್ನು ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡಿದರು.

“ಕಾಗದ ಒಂದು ಕಡಿಮೆ ಇದ್ರೂ ನಾನು ಬಿಡಲ್ಲ,” ಎಂದರು.

“ಒಂದು ಕಡಿಮೆ ಇದ್ರೆ ನಾನೇ ಬಿಡಲ್ಲ,” ಎಂದರು ದೋನ್ಯಾ.

ಎವೆಲಿಯೊ ಕಾಲರಿನ ಕರವಸ್ತ್ರವನ್ನು ತೆಗೆಯದೆಯೇ ಹಿಂದಿರುಗಿ ಹೋಗಿ ಕಿಟಕಿ ತೆರೆದು ಕೂತರು.

ಹನ್ನೆರಡಾಯಿತು. ಸೇಯ್ದಿ ಇಲ್ಲ. ಆ ಬದಿಯಿಂದ ಬಸ್ಸಿನ ಪ್ರಯಾಣಿಕರು ಕೂಗತೊಡಗಿದರು. ಆಮೇಲೆ ತಮ್ಮ ಚಾಲಕ ಬೇರೆ ದೇಶದಲ್ಲಿ ಕೂತು ಬಾಳೆಕಾಯಿ ತಿನ್ನುವುದನ್ನು ಕಂಡು ಬೀದಿ ದಾಟಿ ಬಂದುಬಿಟ್ಟರು. ಹದಿನೆಂಟು ಜನ, ಅವರಲ್ಲೊಬ್ಬಾಕೆಯ ಕೈಯಲ್ಲಿ ಹುಂಜ.

“ಒಂದಾತು ನಿಕಾನೊರ್!” ಎಂದಳು ಹುಂಜದವಳು.

“ಇಲ್ಲೆ ಹನ್ನೆರಡು ಐತಿ,” ಎಂದ ನಿಕಾನೊರ್, ತಟ್ಟೆ ನೆಕ್ಕುತ್ತಾ. “ಇಲ್ಲೆ ಕುಂತಾಗ ಇಲ್ಲೀ ಟೈಮು.”

ಅವಳು ಏನೋ ಬೈಯಲು ಹೊರಟಳು, ಅಷ್ಟರಲ್ಲಿ ದೋನ್ಯಾ ಅವಳ ಬಾಯಿಗೂ ಒಂದು ಬಿಲ್ಲೆ ಇಟ್ಟರು. ಹೀಗೆ ಒಂದು ಇಡೀ ಬಸ್ಸು ಯಾವ ಮುದ್ರೆಯೂ ಇಲ್ಲದೆ ಪರದೇಶದಲ್ಲಿ ನಿಂತು ಬಾಳೆಕಾಯಿ ತಿಂದಿತು. ಯೋಸ್ಟ್ ಅದನ್ನು ನೋಡುತ್ತಾ, ತನ್ನ ಪಾಸ್‌ಪೋರ್ಟಿನ ಹನ್ನೊಂದು ವರ್ಷದ ಮುದ್ರೆಗಳನ್ನು ಎದೆಗೊತ್ತಿಕೊಂಡು, ಅತ್ತನೋ ನಕ್ಕನೋ ಗೊತ್ತಾಗಲಿಲ್ಲ.

ಹನ್ನೆರಡೂ ಎಂಟಕ್ಕೆ ಸೇಯ್ದಿಯ ಗಾಡಿ ಬಂತು. ಬ್ರೇಕ್ ಬಗ್ಗೆ ಅವಳು ಸುಳ್ಳು ಹೇಳಿರಲಿಲ್ಲ, ಖಾನಾವಳಿಯ ಹೂಕುಂಡವೊಂದು ಅದಕ್ಕೆ ಸಾಕ್ಷಿಯಾಗಿ ಒಡೆಯಿತು. ಅವಳು ಮೊಣಕಾಲಿನವರೆಗೆ ಬೂಟು ಹಾಕಿಕೊಂಡು, ತೋಳಿನವರೆಗೆ ಕರುವಿನ ಲೋಳೆ ಮೆತ್ತಿಕೊಂಡು ಇಳಿದಳು. ಹಲ್ಲಿನಲ್ಲಿ ಪಾಸ್‌ಪೋರ್ಟ್ ಕಚ್ಚಿಕೊಂಡಿದ್ದಳು.

“ಕೈ ತೊಳಿ, ಕೈ ತೊಳಿ!” ದೋನ್ಯಾ ಬಕೆಟ್ಟಿನ ನೀರನ್ನು ಅವಳ ಮೇಲೆಯೇ ಸುರಿದರು. “ಕರು?”

“ಎದ್ದು ನಿಂತ್ಕೊಳ್ತು. ಅದಕ್ಕೇ ಹತ್ತು ನಿಮಿಷ ಲೇಟು.”

ಮುಂದೆ ನಡೆದ ಮಹಾಯುದ್ಧದಲ್ಲಿ ನನ್ನ ಪಾತ್ರ ಆರು ಪ್ರತಿ. ಗುರುತಿನ ಚೀಟಿ ಎರಡು, ಜನನಪತ್ರ ಎರಡು, ಪಾಸ್‌ಪೋರ್ಟ್ ಎರಡು. ಯಂತ್ರ ಅಂದು ಒಂದು ಹಾಳೆಯನ್ನೂ ನುಂಗಲಿಲ್ಲ. ಇತಿಹಾಸ ಇದನ್ನು ದಾಖಲಿಸಬೇಕೆಂದು ನನ್ನ ಕೋರಿಕೆ.

ಚಕ್ರದ ಕುರ್ಚಿ ಪಕ್ಕದ ಕಿಟಕಿಗೆ ಉರುಳಿತು. ಎವೆಲಿಯೊ ಪ್ರತಿಯೊಂದು ಹಾಳೆಯನ್ನೂ ಬೆಳಕಿಗೆ ಹಿಡಿದರು. ತಾಯಿಯ ಮುಖ, ಚೀಟಿಯ ಮುಖ, ಮತ್ತೆ ತಾಯಿಯ ಮುಖ. ಅವಳ ಕೆನ್ನೆಯ ಮೇಲಿನ ಲೋಳೆ ಚೀಟಿಯಲ್ಲಿರಲಿಲ್ಲ, ಅದನ್ನು ದೊಡ್ಡ ಮನಸ್ಸಿನಿಂದ ಕಡೆಗಣಿಸಿದರು.

“ಅನುಮತಿ ಈ ಒಂದು ಸಲಕ್ಕಾ, ಖಾಯಮ್ಮಾ?”

ಸೇಯ್ದಿ ಗಂಡನ ಮುಖ ನೋಡಿದಳು. ಗಂಡ ಪುಸ್ತಕದ ಯಾವ ಪಾಠದಲ್ಲಿ ಇದಕ್ಕೆ ಉತ್ತರವಿದೆ ಎಂದು ಹುಡುಕುತ್ತಿದ್ದ.

ನಲವತ್ತು ಹೆಜ್ಜೆ ಆಚೆಯಿಂದ, ಒಲೆಯ ಪಕ್ಕದಿಂದ ಕೂಗು ಬಂತು. “ಖಾಯಂ! ಖಾಯಂ ಅನ್ನೇ ಹುಡುಗಿ! ಪ್ರತೀ ಸಲ ನಾನು ಒಲೆ ಆರಿಸ್ತಾ ಕೂರ್ಲಾ?”

“ಖಾಯಂ,” ಎಂದಳು ಸೇಯ್ದಿ.

ಸಹಿ ಬಿತ್ತು. ಮುದ್ರೆ ಬಿತ್ತು. ಆ ಸದ್ದು ಕೇಳುತ್ತಿದ್ದಂತೆಯೇ ಈ ಕಡೆ ಒಲೆ ಭಗ್ಗನೆ ಹೊತ್ತಿತು. ಫೆನ್ನಾ ತನ್ನ ಪಾಸ್‌ಪೋರ್ಟಿನ ಪುಟವನ್ನು ಊದಿ ಊದಿ ಒಣಗಿಸಿದಳು. ಮೂವತ್ತಾರು ಸಲ ಹೋಗಿಬಂದವಳು ಮೊದಲ ಸಲ ದೇಶ ಬಿಡುತ್ತಿದ್ದಳು. ಸೇಯ್ದಿ ಅವಳನ್ನು ಅಪ್ಪಿಕೊಂಡಾಗ ಕೂದಲಿಗೂ ಸ್ವಲ್ಪ ಲೋಳೆ ಅಂಟಿತು.

“ಓಮಾ ಹತ್ರ ಮೊದ್ಲು ತಲೆ ಸ್ನಾನ ಮಾಡಿಸ್ಕೊ,” ಎಂದಳು ತಾಯಿ.

ನಿಕಾನೊರ್‌ಗೆ ದೋನ್ಯಾ ಮುಕ್ಕಾಲು ಬೆಂದ ಸಾರನ್ನೇ ಐಸ್‌ಕ್ರೀಮ್ ಡಬ್ಬ ಒಂದರಲ್ಲಿ ತುಂಬಿ ಕೊಟ್ಟು, “ಗುವಾಲಾಕಾ ತಿರುವು ಬರೋಷ್ಟರಲ್ಲಿ ಬಿಸಿಗೆ ತಾನಾಗೇ ಬೇಯತ್ತೆ, ಹೋಗು,” ಎಂದರು. ಅವನು ನಂಬಿದ. ಬಸ್ಸಿನ ಹದಿನೆಂಟು ಜನ, ಹುಂಜ, ಅಪ್ಪ, ಮಗಳು ಒಟ್ಟಿಗೆ ಬೀದಿ ದಾಟಿದರು. ಪನಾಮಾದ ಕಿಟಕಿಯಲ್ಲಿ ಕೂತಿದ್ದ ಹುಡುಗಿ ಹೊಸ ಪಾಸ್‌ಪೋರ್ಟ್ ನೋಡಿ ನಕ್ಕಳು.

“ನಮ್ಮ ದೇಶಕ್ಕ ಮೊದಲನೇ ಸಲ ಏನವ್ವಾ?”

“ಅಲ್ಲ, ಮೂವತ್ತೇಳ...” ಎನ್ನುವಷ್ಟರಲ್ಲಿ ಯೋಸ್ಟನ ಉದ್ದನೆಯ ಕೈ ಮಗಳ ಬಾಯನ್ನು ಮುಚ್ಚಿತು. ಇದನ್ನು ನಿಕಾನೊರ್ ಮುಂದಿನ ಗುರುವಾರ ಹೇಳಿ ಹೇಳಿ ನಕ್ಕ.

ದೊನ್ ಎವೆಲಿಯೊ ಅಂದು ಒಂದು ಗಂಟೆಗೆ ಉಂಡರು. ಎರಡು ತಟ್ಟೆ. ಉಂಡಾದ ಮೇಲೆ ಚಮಚ ಒರೆಸಿಟ್ಟು, “ಬಾಳೆಕಾಯಿ ಇನ್ನೊಂಚೂರು ಬೇಯಬೇಕಿತ್ತು,” ಎಂದರು. ಇಪ್ಪತ್ತೆರಡು ವರ್ಷದ ದಾಖಲೆ ಮುರಿದದ್ದಕ್ಕೆ ದೋನ್ಯಾ ಅವರ ಮುಖದಲ್ಲಿ ಬೇಸರದ ಒಂದು ಗೆರೆಯೂ ಇರಲಿಲ್ಲ. ಒಮ್ಮೆ ಗೋಡೆಯ ಮೇಲಿನ ದೊಡ್ಡ ಮಗನ ಫೋಟೊ ಒರೆಸಿದರು, ಅಷ್ಟೆ.

ಭಾನುವಾರ ಸೇಯ್ದಿಯ ಫೋನಿಗೆ ಚಿತ್ರ ಬಂತು. ಸೋಮವಾರ ಅವಳು ಅದನ್ನು ನನ್ನ ಅಂಗಡಿಗೆ ತಂದು ಕಾಗದದ ಮೇಲೆ ಇಳಿಸಿಕೊಂಡಳು, ಎರಡು ಪ್ರತಿ. ಹಿಮದ ಕಿಟಕಿಯ ಮುಂದೆ ಕುರ್ಚಿಯ ಮೇಲೊಬ್ಬ ಮುದುಕಿ, ಅವಳ ಮೊಣಕಾಲುಗಳ ನಡುವೆ ನೆಲದ ಮೇಲೆ ಫೆನ್ನಾ, ಮುದುಕಿಯ ಬಾಯಲ್ಲಿ ಕೂದಲಿನ ರಿಬ್ಬನ್ನು, ಕೈಯಲ್ಲಿ ನಾಲ್ಕು ಕಾಲಿನ ಜಡೆ ಅರ್ಧಕ್ಕೆ ಬಂದಿತ್ತು. ಒಂದು ಪ್ರತಿ ಈಗ ಯೇಸುವಿನ ಪಟದ ಕೆಳಗಿದೆ.

ಆಮೇಲೆ ಕಥೆ ತನ್ನ ಕೆಲಸ ಶುರುಮಾಡಿತು. ನಿಕಾನೊರ್ ದವೀದ್ ಪಟ್ಟಣದಲ್ಲಿ ಹೇಳಿದ ಪ್ರಕಾರ ಆ ದಿನ ದೋನ್ಯಾ ಎರಡೂ ಕೈ ಮೇಲೆತ್ತಿದಾಗ ಎರಡು ದೇಶದ ಗಡಿಯಾರಗಳೂ ನಿಂತುಹೋದವು. ಹುಂಜದವಳ ಪ್ರಕಾರ ಎಡಗೈ ಗಡಿಯಾರ ಹಿಂದಕ್ಕೆ ತಿರುಗಿದ್ದನ್ನು ಅವಳು ಕಣ್ಣಾರೆ ಕಂಡಳು. ಕ್ಷೌರದಂಗಡಿಯಲ್ಲಿ ಈಗ ಇಪ್ಪತ್ತೈದನೆಯ ಗಂಟೆ ಎಂದರೆ ಗುರುವಾರ ಹನ್ನೆರಡರ ಮೇಲಿನದು ಎಂದು ತೀರ್ಮಾನವಾಗಿದೆ. ದೂರದೂರಿನಿಂದ ಎರಡು ದೇಶದ ಮಕ್ಕಳ ತಾಯಂದಿರು ಬಂದು, ಪಾಠ ಕೇಳುವ ಮೊದಲು ಆ ಎಡಗೈಯನ್ನು ಒಮ್ಮೆ ಮುಟ್ಟಿ ನೋಡುತ್ತಾರೆ.

ಮೊನ್ನೆ ಗಿರಾಕಿಗಳಿಲ್ಲದ ಹೊತ್ತು. ದೋನ್ಯಾ ನನ್ನ ಅಂಗಡಿಯ ಮುಂದೆ ಕೂತು ಬೀನ್ಸ್ ಆರಿಸುತ್ತಿದ್ದರು. ನನಗೆ ಧೈರ್ಯ ಬಂತು.

“ದೋನ್ಯಾ, ನಿಜ ಹೇಳಿ. ಆ ದಿನ ಎರಡೂ ಗಡಿಯಾರ ನೋಡಿ ಕಣ್ಣು ಮುಚ್ಚಿದ್ರಲ್ಲ, ಆಗ ನಿಮಗೆ ಏನು ಕಾಣ್ಸ್ತು?”

“ಬಲಗೈಲಿ ಹತ್ತೂ ಇಪ್ಪತ್ತು ಕಾಣ್ಸ್ತು.”

“ಎಡಗೈಲಿ?”

ಅವರು ಮೊದಲ ಬಾರಿಗೆ ಆ ಮಣಿಕಟ್ಟನ್ನು ನನ್ನ ಕಡೆ ತಿರುಗಿಸಿದರು. ಗಾಜಿನೊಳಗೆ ಹಬೆ ಕಟ್ಟಿತ್ತು. ಮುಳ್ಳುಗಳು ನಾಲ್ಕೂ ಐದರಲ್ಲಿ ಅಂಟಿಕೊಂಡಿದ್ದವು.

“ಇದು ನಿಂತು ಏಳು ವರ್ಷ ಆಯ್ತು, ಮಾರಾಯ. ಒಂದು ಕೂಡಿಸಿ ಹೇಳ್ತೀನಿ. ಕೊಂಡಿ ತುಕ್ಕು ಹಿಡಿದಿದೆ, ಬಿಚ್ಚಕ್ಕಾಗ್ತಿಲ್ಲ.”